ಕೊಳೆತ ಕುಂಬಳಕಾಯಿಯಿಂದ ಬೀಜ ಉಳಿಸಿಕೊಳ್ಳುವುದು ಹೇಗೆ: ಕಲಬುರಗಿ ಬಿಸಿಲಿಗೆ ತಕ್ಕ ಸಮಗ್ರ ಮಾರ್ಗದರ್ಶಿ

ಯುಗಾದಿಗೆ ಇನ್ನು ಹತ್ತು ದಿನ ಇದೆ ಅನ್ನುವಾಗ ನಮ್ಮ ಕಾಳಿನ ಕೋಣೆಯಿಂದ ಒಂದು ಥರ ವಾಸನೆ ಬರಲು ಶುರುವಾಯಿತು. ಇಲಿ ಸತ್ತಿರಬೇಕು ಅಂದುಕೊಂಡು ಚೀಲಗಳನ್ನೆಲ್ಲ ಎಳೆದಾಡಿದೆ. ಇಲಿ ಇರಲಿಲ್ಲ. ಜೋಳದ ಚೀಲದ ಹಿಂದೆ, ಮೂಲೆಯಲ್ಲಿ, ಎಳ್ಳಮಾಸಿಗೂ ಮುಂಚೆ ಇಟ್ಟು ಮರೆತಿದ್ದ ಕುಂಬಳಕಾಯಿ ಇತ್ತು. ನೋಡಲು ಚೆನ್ನಾಗಿಯೇ ಇತ್ತು. ಎರಡೂ ಕೈ ಹಾಕಿ ಎತ್ತಿದೆ. ಕಾಯಿ ಮೇಲೆ ಬಂತು, ತಳ ನೆಲದ ಫರಸಿ ಕಲ್ಲಿನ ಮೇಲೆಯೇ ಉಳಿಯಿತು.

ಮೂಗು ಮುಚ್ಚಿಕೊಂಡು ತಿಪ್ಪೆಗೆ ಒಯ್ಯುತ್ತಿದ್ದೆ. ಆಯಿ ಕಟ್ಟೆ ಮೇಲೆ ಕೂತಿದ್ದಳು. "ಕಾಯಿ ಕೊಳೆತದ, ಖರೆ. ಬೀಜ ಕೊಳೆತಾವೇನು ನೋಡಿದೇನು?" ಅಂದಳು.

ನೋಡಿರಲಿಲ್ಲ. ಒಡೆದು ನೋಡಿದರೆ ಒಳಗೆ ಅರ್ಧಕ್ಕಿಂತ ಜಾಸ್ತಿ ಬೀಜ ಗಟ್ಟಿಯಾಗಿಯೇ ಇದ್ದವು. ಅವತ್ತಿನಿಂದ ನಮ್ಮ ಮನೆಯಲ್ಲಿ ಕೊಳೆತ ಕುಂಬಳ ನೇರವಾಗಿ ತಿಪ್ಪೆಗೆ ಹೋಗುವುದಿಲ್ಲ. ನಡುವೆ ಅರ್ಧ ದಿನದ ಕೆಲಸ ಇದೆ. ಆ ಕೆಲಸವನ್ನು, ನಾನು ಕೆಡಿಸಿಕೊಂಡದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಯಾವ ಕುಂಬಳದ ಮಾತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಡಬು, ಗಾರಿಗೆ ಮಾಡುತ್ತೇವಲ್ಲ, ಎಳ್ಳಮಾಸಿ ಭಜ್ಜಿಗೆ ಹಾಕುತ್ತೇವಲ್ಲ, ಆ ಒಳಗೆ ಹಳದಿ-ಕೇಸರಿ ಇರುವ ಸಿಹಿಗುಂಬಳ. ಬೂದುಗುಂಬಳ ಬೇರೆಯೇ ಜಾತಿ. ಆದರೆ ಬೀಜ ತೊಳೆಯುವ, ಒಣಗಿಸುವ ರೀತಿ ಅದಕ್ಕೂ ಹೆಚ್ಚುಕಡಿಮೆ ಇದೇ.

ಹಂತ 1: ಈ ಕಾಯಿ ಬೀಜಕ್ಕೆ ಯೋಗ್ಯವಾ?

"ಕೊಳೆತ ಕಾಯಿಯ ಬೀಜ ಹಾಕಿದರೆ ಕೊಳೆಯುವ ಕಾಯಿಯೇ ಬರುತ್ತದೆ ಅಲ್ವಾ?" ಅಂತ ಪಕ್ಕದ ಮನೆಯ ಕಾಕಾ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಕಾಯಿ ಎಷ್ಟು ದಿನ ತಾಳಿತು ಅನ್ನುವುದರಲ್ಲಿ ಇದೆ.

ದೀಪಾವಳಿ ಹೊತ್ತಿಗೆ ಐದು ಕಾಯಿ ತಂದಿಟ್ಟಿರಿ ಅನ್ನಿ. ಒಂದು ಹದಿನೈದು ದಿನಕ್ಕೇ ಮೆತ್ತಗಾಯಿತು. ಎರಡನ್ನು ಅಡಿಗೆಗೆ ಬಳಸಿದಿರಿ. ಒಂದು ಸಂಕ್ರಾಂತಿಗೆ ಹೋಯಿತು. ಐದನೆಯದು ಮಾರ್ಚ್ ಕೊನೆಯವರೆಗೆ ನಿಂತು ಆಮೇಲೆ ಕೊಳೆಯಿತು. ಬೀಜಕ್ಕೆ ಯಾವುದು? ಕೊನೆಯದು. ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ಕೋಣೆಯ ಸೆಕೆ ಎಲ್ಲವನ್ನೂ ಅದು ನಾಲ್ಕೈದು ತಿಂಗಳು ತಾಳಿದೆ. ಬಾಳಿಕೆ ಬರುವ ಗುಣ ಬೀಜದ ಜೊತೆ ಮುಂದಕ್ಕೆ ಹೋಗುತ್ತದೆ. ವರ್ಷ ವರ್ಷ ಕೊನೆಗೆ ಉಳಿದ ಕಾಯಿಯಿಂದಲೇ ಬೀಜ ತೆಗೆಯುತ್ತಾ ಹೋದರೆ ನಿಮ್ಮ ಮನೆಗೆ ಹೊಂದುವ ತಳಿ ತಾನಾಗಿ ಆರಿಸಿಕೊಳ್ಳುತ್ತದೆ. ಹದಿನೈದು ದಿನಕ್ಕೆ ಕೊಳೆತದ್ದರ ಬೀಜ ನಾನು ಇಡುವುದಿಲ್ಲ. ಬಸ್ಸಿನ ಡಿಕ್ಕಿಯಲ್ಲಿ ಪೆಟ್ಟು ತಿಂದೋ ತೊಟ್ಟು ಮುರಿದೋ ಕೊಳೆತಿದ್ದರೆ ಅದು ಕಾಯಿಯ ತಪ್ಪಲ್ಲ, ಅಂಥದ್ದನ್ನು ಬೇಕಾದರೆ ಇಟ್ಟುಕೊಳ್ಳಬಹುದು.

ಇನ್ನೊಂದು ಲಾಭವೂ ಇದೆ. ಬಳ್ಳಿಯಿಂದ ಕಿತ್ತ ಮೇಲೂ ಕುಂಬಳದ ಬೀಜ ಒಳಗೇ ಬಲಿಯುತ್ತಿರುತ್ತದೆ. ತಿರುಳಿನ ಸಾರ ಬೀಜಕ್ಕೆ ಇಳಿಯುತ್ತದೆ. ಅದಕ್ಕೇ ಬೀಜಕ್ಕೆಂದು ಬೆಳೆಯುವವರೂ ಕಾಯಿ ಕಿತ್ತ ತಕ್ಷಣ ಒಡೆಯುವುದಿಲ್ಲ, ಮೂರು ನಾಲ್ಕು ವಾರವಾದರೂ ಬಿಡುತ್ತಾರೆ. ಅಂದರೆ ತಿಂಗಳುಗಟ್ಟಲೆ ಇದ್ದ ಕಾಯಿಯ ಬೀಜ, ಸಂತೆಯಿಂದ ತಂದು ಅವತ್ತೇ ಹೆಚ್ಚಿದ ಕಾಯಿಯ ಬೀಜಕ್ಕಿಂತ ದಪ್ಪಗಿರುತ್ತದೆ.

ಮೂರು ಕಡೆ ಮಾತ್ರ ಬೇಡ ಅನ್ನುತ್ತೇನೆ. ಎಳೆಯದಿದ್ದಾಗಲೇ ಕಿತ್ತ, ಉಗುರು ಒತ್ತಿದರೆ ಸಿಪ್ಪೆಗೆ ಇಳಿಯುವಂಥ ಕಾಯಿ: ಬೀಜ ಜೊಳ್ಳು. ಹೈಬ್ರಿಡ್ ಬೀಜದಿಂದ ಬಂದ ಕಾಯಿ: ಮೊಳೆಯುತ್ತದೆ, ಆದರೆ ತಾಯಿಯ ಹಾಗೆ ಬರುವ ಖಾತ್ರಿ ಇಲ್ಲ. ಕಹಿ ಇದ್ದ ಕಾಯಿ: ಅದೇ ಬಳ್ಳಿಯ ಕಾಯಿಯನ್ನು ಅಡಿಗೆ ಮಾಡಿದಾಗ ಕಹಿ ಬಂದಿದ್ದರೆ ಬೀಜವನ್ನೂ ಇಡಬೇಡಿ. ಕುಕುರ್ಬಿಟಾಸಿನ್ ಎಂಬ ವಿಷದ ಅಂಶ ಆ ಕಹಿಗೆ ಕಾರಣ, ಮತ್ತು ಅದು ಮುಂದಿನ ಪೀಳಿಗೆಗೂ ಇಳಿಯುತ್ತದೆ. ಹೆಸರುಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್, ಅರ್ಕಾ ಸೂರ್ಯಮುಖಿ ಥರದವು ಹೈಬ್ರಿಡ್ ಅಲ್ಲ. ಊರ ಜವಾರಿ ಕುಂಬಳವಂತೂ ಅಲ್ಲವೇ ಅಲ್ಲ. ಇವುಗಳ ಬೀಜ ಧೈರ್ಯವಾಗಿ ಇಡಬಹುದು.

ಹಂತ 2: ಕೊಳೆತದ್ದು ಯಾವ ಥರದ್ದು ಅಂತ ನೋಡಿ

ಎಲ್ಲ ಕೊಳೆತವೂ ಒಂದೇ ಅಲ್ಲ. ಕೆಲವು ತಿರುಳಿಗೆ ಮಾತ್ರ ಬರುವಂಥವು. ಕೆಲವು ಬೀಜದ ಜೊತೆ ಮುಂದಿನ ವರ್ಷದ ಹೊಲಕ್ಕೂ ಬರುತ್ತವೆ.

ತಳ ಮೆತ್ತಗಾಗಿ ನೀರು ಬಿಟ್ಟು, ಮೇಲೆ ಬೂದು ಬಣ್ಣದ ಮೀಸೆಯಂಥ ಬೂಷ್ಟು, ಅದರ ತುದಿಗೆ ಗುಂಡುಸೂಜಿ ತಲೆಯಂಥ ಸಣ್ಣ ಕಪ್ಪು ಚುಕ್ಕಿ ಇದ್ದರೆ ಹೆದರಬೇಡಿ. ರೊಟ್ಟಿಗೆ ಬರುವ ಬೂಷ್ಟಿನ ಸಂಬಂಧಿ ಅದು. ಪೆಟ್ಟಾದ ಜಾಗದಿಂದ ಒಳಗೆ ಹೋಗಿರುತ್ತದೆ. ಬೀಜಕ್ಕೆ ಅಷ್ಟು ತೊಂದರೆ ಇಲ್ಲ. ಇಡೀ ಕಾಯಿ ನೀರಿನ ಚೀಲದ ಹಾಗಾಗಿ ಗಬ್ಬು ನಾರುತ್ತಿದ್ದರೆ ಬ್ಯಾಕ್ಟೀರಿಯಾದ ಕೆಲಸ. ಎರಡು ಮೂರು ದಿನದೊಳಗೆ ತೆಗೆದರೆ ಬೀಜ ಸಿಗುತ್ತದೆ, ವಾರ ಕಳೆದರೆ ಕಷ್ಟ.

ಸಿಪ್ಪೆಯ ಮೇಲೆ ಕಪ್ಪನೆಯ, ತಗ್ಗಾದ, ಗಟ್ಟಿ ಮಚ್ಚೆ ಇದ್ದು, ಹತ್ತಿರ ಹಿಡಿದರೆ ಅದರಲ್ಲಿ ಸಣ್ಣ ಸಣ್ಣ ಕಪ್ಪು ಕಾಳು ಕಂಡರೆ ಅದು ಕಪ್ಪು ಕೊಳೆ. ಇದು ಬೀಜದ ಮೂಲಕ ಹರಡುತ್ತದೆ. ಬೇರೆ ಕಾಯಿ ಇದ್ದರೆ ಇದನ್ನು ಬಿಟ್ಟುಬಿಡಿ. ಇದೊಂದೇ ಇದೆ, ಅಪರೂಪದ ತಳಿ ಅಂದರೆ ಮುಂದೆ ಹೇಳುವ ಬ್ಲೀಚ್ ತೊಳೆತ ಮಾಡಿ. ಬಳ್ಳಿ ಇದ್ದಾಗ ಎಲೆ ಹಳದಿ-ಹಸಿರು ಚಿಕ್ಕೆಯಾಗಿ ಮುದುಡಿದ್ದರೆ, ಕಾಯಿ ಗಂಟು ಗಂಟಾಗಿದ್ದರೆ, ಅದು ನಂಜುರೋಗ (ವೈರಸ್). ಕೆಲವು ನಂಜು ಬೀಜದ ಒಳಗೇ ಇರುತ್ತದೆ, ಯಾವ ತೊಳೆತಕ್ಕೂ ಹೋಗುವುದಿಲ್ಲ.

ಇನ್ನು ಹುಳ. ಕಾಯಿ ಒಡೆದಾಗ ಬಿಳಿ ಹುಳ ಜಿಗಿದರೆ ಹಣ್ಣಿನ ನೊಣ ಚುಚ್ಚಿದೆ ಅಂತ ಅರ್ಥ. ನೋಡಲು ಅಸಹ್ಯ ಅಷ್ಟೇ. ಬಲಿತ ಬೀಜದ ಗಟ್ಟಿ ಸಿಪ್ಪೆ ಅವಕ್ಕೆ ಬೇಡ, ಅವು ತಿನ್ನುವುದು ತಿರುಳನ್ನು.

ನಮ್ಮ ಕಡೆ ಬೇಸಿಗೆಯಲ್ಲಿ ಇನ್ನೊಂದು ಥರ ಜಾಸ್ತಿ ನೋಡುತ್ತೇವೆ. ಕಾಯಿ ಕೊಳೆಯುವುದೇ ಇಲ್ಲ, ಒಣಗಿ ಹಗುರಾಗುತ್ತದೆ. ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುತ್ತದೆ. ಅಡಿಗೆಗೆ ಬಾರದು, ಬೀಜಕ್ಕೆ ಮಾತ್ರ ಚಿನ್ನ.

ಹಂತ 3: ಒಡೆಯುವುದು

ಮನೆಯೊಳಗೆ ಬೇಡ, ಹೊರಗೆ ಒಯ್ಯಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬೂಷ್ಟಿನ ಪುಡಿ ಉಬ್ಬಸ ಇರುವವರಿಗೆ ಆಗುವುದಿಲ್ಲ, ಅವರು ಈ ಕೆಲಸ ಬೇರೆಯವರಿಗೆ ಬಿಡಲಿ. ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೂ ಸಾಕು. ಹಳೆಯ ಗೋಣಿ ಹಾಸಿ ಅದರ ಮೇಲೆ ಪರಾತ ಇಡಿ.

ಚಾಕುವನ್ನು ನಡುವಿಗೆ ಚುಚ್ಚಬೇಡಿ. ಬೀಜ ತುಂಡಾಗುತ್ತವೆ. ಕೊಳೆಯದ ಕಡೆ ಸಿಪ್ಪೆಯನ್ನು ಸುತ್ತಲೂ ಒಂದು ಬೆರಳಷ್ಟು ಆಳ ಕೊಯ್ದು, ಎರಡೂ ಕೈಯಿಂದ ಹಿಸಿದರೆ ಬಾಯಿ ಬಿಡುತ್ತದೆ. ಕೊಳೆಯದ ಕಡೆಯ ಬೀಜವನ್ನು ಮೊದಲು ತೆಗೆದು ಒಂದು ಬೋಗುಣಿಗೆ ಹಾಕಿ. ಕೊಳೆತ ಕಡೆಯದ್ದು ಇನ್ನೊಂದು ಬೋಗುಣಿಗೆ. ಇವೆರಡನ್ನು ಕೊನೆಯವರೆಗೂ ಬೆರೆಸಬೇಡಿ.

ಆವತ್ತಿನ ಕಾಯಿಯಲ್ಲಿ ನಾನು ಕಂಡದ್ದು ಹೀಗೆ: ಮೇಲಿನ ಅರ್ಧದಲ್ಲಿ ನಾರು ಕೇಸರಿ ಬಣ್ಣದಲ್ಲೇ ಇತ್ತು, ಬೀಜ ಕೆನೆ ಬಣ್ಣ, ಎಳೆದರೆ "ಟಕ್" ಅಂತ ಬಿಡುತ್ತಿತ್ತು. ಕೆಳಗೆ ಹೋದಂತೆ ನಾರು ಕಂದಾಗಿ ಲೋಳೆಯಾಗಿತ್ತು. ತೀರ ತಳದಲ್ಲಿ ಬೀಜಗಳು ಕಂದು ನೀರಿನಲ್ಲಿ ತೇಲುತ್ತಿದ್ದವು. ಅದರಲ್ಲಿ ಹತ್ತಿಪ್ಪತ್ತು ಬೀಜ ತುದಿ ಒಡೆದು ಬಿಳಿ ಮೊಳಕೆ ಚಾಚಿದ್ದವು, ಕಾಯಿಯ ಒಳಗೇ! ತಿರುಳು ಚೆನ್ನಾಗಿರುವವರೆಗೆ ಬೀಜವನ್ನು ಮೊಳೆಯದಂತೆ ತಡೆದಿಡುತ್ತದೆ. ಕೊಳೆತ ಮೇಲೆ ಆ ಕಾವಲು ಹೋಗುತ್ತದೆ. ಮೊಳಕೆ ಬಂದದ್ದನ್ನು ಒಣಗಿಸಿದರೆ ಸಾಯುತ್ತದೆ. ಬೇಕಿದ್ದರೆ ಅವತ್ತೇ ಕುಂಡದಲ್ಲಿ ಊರಿ, ಇಲ್ಲವೇ ಬಿಡಿ.

ಹಂತ 4: ತೊಳೆಯುವುದು

ಟೊಮೆಟೊ ಬೀಜದ ಹಾಗೆ ಮೂರು ದಿನ ನೆನೆಸಿಡಿ ಅಂತ ಕೆಲವರು ಹೇಳುತ್ತಾರೆ. ಕುಂಬಳಕ್ಕೆ ಅದು ಬೇಕಿಲ್ಲ. ನಮ್ಮ ಸೆಕೆಯಲ್ಲಿ ಒಂದು ದಿನ ದಾಟಿದರೆ ಬೀಜ ಮೊಳೆಯಲು ಶುರು ಮಾಡುತ್ತದೆ. ಅದಾಗಲೇ ಕಾಯಿಯಲ್ಲೇ ಕೊಳೆತು ಹುಳಿ ಬಂದಿದೆಯಲ್ಲ, ಇನ್ನೇನು ಕೊಳೆಸುವುದು? ನಾರು ತೀರ ಅಂಟಿಕೊಂಡಿದ್ದರೆ ನಾಲ್ಕೈದು ತಾಸು ನೀರಲ್ಲಿ ಬಿಡಿ, ಸಾಕು.

ಸಾಣಿಗೆಗೆ ಹಾಕಿ, ಮೇಲಿಂದ ನೀರು ಬಿಡುತ್ತಾ ಅಂಗೈಯಿಂದ ಉಜ್ಜಿ. ಲೋಳೆ ಹೋದದ್ದು ಕೈಗೇ ಗೊತ್ತಾಗುತ್ತದೆ. ಜಾರುತ್ತಿದ್ದ ಬೀಜ ಸ್ವಲ್ಪ ಒರಟಾಗಿ ಹತ್ತುತ್ತದೆ. ನಾಲ್ಕು ನೀರಾದರೂ ಬದಲಿಸಿ.

ತೇಲಿದ್ದು ಜೊಳ್ಳು, ಮುಳುಗಿದ್ದು ಗಟ್ಟಿ ಅನ್ನುವ ಲೆಕ್ಕ ಜೋಳಕ್ಕೆ ಸರಿ, ಕುಂಬಳಕ್ಕೆ ಪೂರ್ತಿ ಸರಿಯಲ್ಲ. ಕುಂಬಳದ ಬೀಜದ ಸಿಪ್ಪೆಗೂ ಒಳಗಿನ ಪಪ್ಪಿಗೂ ನಡುವೆ ಗಾಳಿ ಇರುತ್ತದೆ. ಒಳ್ಳೆಯ ಬೀಜವೂ ತೇಲುತ್ತದೆ. ಮೊದಲ ವರ್ಷ ನಾನು ತೇಲಿದ್ದನ್ನೆಲ್ಲ ಸುಮ್ನೆ ಚೆಲ್ಲಿದೆ. ಆಮೇಲೆ ಹೊಟ್ಟೆ ಉರಿದುಕೊಂಡೆ.

ಕಪ್ಪು ಕೊಳೆಯ ಅನುಮಾನ ಇದ್ದರೆ ಮಾತ್ರ ಇದು: ಸುಮಾರು 5% ಸೋಡಿಯಂ ಹೈಪೋಕ್ಲೋರೈಟ್ ಇರುವ ಬ್ಲೀಚ್ ಒಂದು ಪಾಲು, ನೀರು ನಾಲ್ಕು ಪಾಲು. ಬೀಜ ಹಾಕಿ ಒಂದು ನಿಮಿಷ ಕಲಕಿ. ತಕ್ಷಣ ಬಸಿದು ಹರಿಯುವ ನೀರಲ್ಲಿ ಐದು ನಿಮಿಷ ತೊಳೆಯಿರಿ. ಬಚ್ಚಲು ತೊಳೆಯುವ ಆಸಿಡ್ ಹತ್ತಿರವೂ ಇರಕೂಡದು, ಎರಡೂ ಬೆರೆತರೆ ವಿಷದ ಗಾಳಿ ಏಳುತ್ತದೆ. ಈ ತೊಳೆತ ಸಿಪ್ಪೆಯ ಮೇಲಿನ ರೋಗವನ್ನು ಮಾತ್ರ ಕೊಲ್ಲುತ್ತದೆ. ಬಿಸಿನೀರಿನಲ್ಲಿ ಅದ್ದುವ ಪದ್ಧತಿ ಬೇರೆ ತರಕಾರಿಗೆ ಇದೆ, ಕುಂಬಳದ ಬೀಜಕ್ಕೆ ಬೇಡ. ಬೀಜವೇ ಬೇಯುತ್ತದೆ.

ಹಂತ 5: ಒಣಗಿಸುವುದು. ಎಡವುವುದು ಇಲ್ಲೇ

"ಬೀಜ ತೊಳೆದು ಬಿಸಿಲಿಗೆ ಹಾಕಿ" ಅಂತ ಎಲ್ಲ ಕಡೆ ಇರುತ್ತದೆ. ಬರೆದವರು ಕಲಬುರಗಿಯ ಏಪ್ರಿಲ್ ಬಿಸಿಲು ನೋಡಿರಲಿಕ್ಕಿಲ್ಲ.

ನಾನೂ ಹಾಗೇ ಮಾಡಿದೆ. ಸ್ಟೀಲ್ ಪರಾತದಲ್ಲಿ ಬೀಜ ಹರವಿ ಮಾಳಿಗೆ ಮೇಲೆ ಇಟ್ಟೆ. ಮಧ್ಯಾಹ್ನದೊಳಗೆ ಗರಿಗರಿ ಒಣಗಿತ್ತು. ಬಿಳಿ, ಹೊಳಪು, ಅಂಗಡಿ ಬೀಜದ ಹಾಗೆ. ಖುಷಿಯಾಗಿ ಡಬ್ಬಿ ತುಂಬಿದೆ. ಜೂನಿನಲ್ಲಿ 20 ಬೀಜ ಊರಿದೆ, ಎದ್ದದ್ದು ಎರಡು.

ಆಗಿದ್ದು ಇಷ್ಟೇ. ಹಸಿ ಬೀಜ ಸುಮಾರು 35 ಡಿಗ್ರಿ ದಾಟಿದ ಬಿಸಿ ತಾಳುವುದಿಲ್ಲ. ನಮ್ಮಲ್ಲಿ ಏಪ್ರಿಲ್-ಮೇನಲ್ಲಿ ನೆರಳಿನ ಗಾಳಿಯೇ 40 ದಾಟುತ್ತದೆ. ಸ್ಟೀಲು, ತಗಡು, ಶಹಾಬಾದ್ ಫರಸಿ ಇವೆಲ್ಲ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತವೆ. ಚಪ್ಪಲಿ ಇಲ್ಲದೆ ಫರಸಿ ಮೇಲೆ ಕಾಲಿಡಲು ಆಗುತ್ತದಾ? ಬೀಜಕ್ಕೂ ಆಗುವುದಿಲ್ಲ.

ಈಗ ಮಾಡುವುದು ಬೇರೆ. ತೊಳೆದ ಬೀಜವನ್ನು ಹಳೆ ಧೋತರದ ಮೇಲೆ ಸುರಿದು ಮೇಲಿನ ನೀರು ಒರೆಸುತ್ತೇನೆ. ಆಮೇಲೆ ಬಿದಿರಿನ ಮೊರದಲ್ಲಿ ಒಂದೇ ಪದರಾಗಿ ಹರವುತ್ತೇನೆ. ಮೊರದಲ್ಲಿ ಕೆಳಗಿಂದಲೂ ಗಾಳಿ ಆಡುತ್ತದೆ. ಪೇಪರ್ ಮೇಲೆ ಹಾಕಿದರೆ ಬೀಜ ಅಂಟಿಕೊಂಡು ಅಕ್ಷರ ಸಮೇತ ಏಳುತ್ತದೆ. ಬೆಳಿಗ್ಗೆ ಒಂಬತ್ತರವರೆಗೆ ಎಳೆಬಿಸಿಲು ತೋರಿಸಬಹುದು. ಆಮೇಲೆ ಪಡಸಾಲೆಯ ನೆರಳು, ಮನೆಯಲ್ಲಿ ಎಲ್ಲಿ ತಂಪೋ ಅಲ್ಲಿ. ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು. ದಿನಕ್ಕೆ ಎರಡು ಸಲ ಕೈಯಾಡಿಸಿ. ನಮ್ಮ ಬೇಸಿಗೆಯ ಒಣ ಗಾಳಿಗೆ ನೆರಳಲ್ಲೇ ಐದಾರು ದಿನದಲ್ಲಿ ಒಣಗುತ್ತದೆ. ಬೀದರ್ ಸ್ವಲ್ಪ ಎತ್ತರದಲ್ಲಿದೆ, ಅಲ್ಲಿ ಸೆಕೆ ತುಸು ಕಡಿಮೆ, ಒಂದೆರಡು ದಿನ ಜಾಸ್ತಿ ಹಿಡಿಯಬಹುದು.

ಮಳೆಗಾಲದಲ್ಲಿ ತೆಗೆದ ಬೀಜಕ್ಕೆ ಎರಡು ವಾರ ಬೇಕು, ಫ್ಯಾನ್ ಕೆಳಗೆ. ಅಳಿಲು, ಇಲಿ ಈ ಬೀಜದ ಪರಮ ಭಕ್ತರು. ರಾತ್ರಿ ಮೇಲೆ ಇನ್ನೊಂದು ಮೊರ ಕವುಚಿ, ಕಲ್ಲು ಹೇರಿ.

ಒಣಗಿತೋ ಇಲ್ಲವೋ ತಿಳಿಯಲು ಬೀಜವನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ. ಬಾಗಿದರೆ ಹಸಿ. "ಪಟ್" ಅಂತ ಮುರಿದರೆ ಆಯಿತು. ಒಳಗಿನ ಪಪ್ಪು ಬಿಳಿ ಅಥವಾ ತಿಳಿ ಹಸಿರಾಗಿ ಗಟ್ಟಿಯಾಗಿರಬೇಕು. ಬೀಜ ಪ್ರಮಾಣೀಕರಣದವರು ಕುಂಬಳದ ಬೀಜದಲ್ಲಿ ತೇವ 7%ಗಿಂತ ಜಾಸ್ತಿ ಇರಬಾರದು ಅನ್ನುತ್ತಾರೆ. ನಮ್ಮ ಬಳಿ ಅಳೆಯುವ ಯಂತ್ರ ಇಲ್ಲ, ಆ "ಪಟ್" ಸದ್ದೇ ಯಂತ್ರ.

ಹಂತ 6: ಆರಿಸುವುದು

ಜೋಳ ಹಸನು ಮಾಡಿದ ಹಾಗೆಯೇ. ಕೇರಿದರೆ ಜೊಳ್ಳು ಹಾರುತ್ತದೆ. ಉಳಿದದ್ದನ್ನು ಬೆರಳಲ್ಲಿ ಒತ್ತಿ ನೋಡಿ, ನಡುವೆ ಉಬ್ಬು ಸಿಗಬೇಕು. ಚಪ್ಪಟೆ, ಬಿರುಕು ಬಿಟ್ಟದ್ದು, ತುದಿ ಒಡೆದದ್ದು, ಕಪ್ಪು ಚುಕ್ಕೆ ಇರುವುದು ತೆಗೆಯಿರಿ. ಸ್ವಲ್ಪ ಕಂದು ಬಣ್ಣ ಹತ್ತಿದೆ ಅಂತ ಚೆಲ್ಲಬೇಡಿ. ಅದು ಕೊಳೆತ ನೀರಿನ ಕಲೆ ಅಷ್ಟೇ ಇರಬಹುದು. ಅದನ್ನು ತೀರ್ಮಾನಿಸುವುದು ಮುಂದಿನ ಹಂತ.

ಒಂದು ಮಾತು: ತೆಗೆದು ಹಾಕಿದ ಬೀಜವನ್ನು ಹುರಿದು ತಿನ್ನಬೇಡಿ. ಒಳ್ಳೆಯ ಕಾಯಿಯ ಬೀಜ ತಿನ್ನಲು ಚೆನ್ನ. ಕೊಳೆತದ್ದರ ಬೀಜ ಊರುವುದಕ್ಕೆ ಮಾತ್ರ. ಕೊಳೆತ ತಿರುಳನ್ನು ಎಮ್ಮೆಗೂ ಹಾಕಬೇಡಿ, ಬೂಷ್ಟಿನ ವಿಷ ಅವಕ್ಕೂ ಆಗದು.

ಹಂತ 7: ಮೊಳಕೆ ನೋಡುವುದು

ಇದನ್ನು ಬಿಟ್ಟರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ಬರೀ ನಂಬಿಕೆ. ಎರಡು ಬೋಗುಣಿಯ ಬೀಜದಿಂದ ತಲಾ ಹತ್ತು ಎಣಿಸಿ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಸಾಲಾಗಿ ಇಟ್ಟು ಸುರುಳಿ ಸುತ್ತಿ. ಹೆಸರುಕಾಳು ಮೊಳಕೆ ಕಟ್ಟುತ್ತೀರಲ್ಲ, ಅದೇ ರೀತಿ. ಬಟ್ಟೆ ಒಣಗದಂತೆ ಡಬ್ಬಿಯಲ್ಲಿಟ್ಟು ಮುಚ್ಚಳ ಸಡಿಲ ಬಿಡಿ. ನಾಲ್ಕನೇ ದಿನ ಒಮ್ಮೆ, ಎಂಟನೇ ದಿನ ಒಮ್ಮೆ ಬಿಚ್ಚಿ ಎಣಿಸಿ.

ಹತ್ತರಲ್ಲಿ ಆರು ಎದ್ದರೆ ಪಾಸು. ಅಂಗಡಿಯಲ್ಲಿ ಮಾರುವ ಪ್ರಮಾಣಿತ ಕುಂಬಳದ ಬೀಜಕ್ಕೂ ಕನಿಷ್ಠ 60% ಸಾಕು. ಮೂರು ನಾಲ್ಕು ಎದ್ದರೆ ಗುಂಡಿಗೆ ಎರಡರಷ್ಟು ಬೀಜ ಹಾಕಿದರಾಯಿತು. ಅದಕ್ಕಿಂತ ಕಡಿಮೆ ಇದ್ದರೆ ಆ ಬೋಗುಣಿ ಬಿಡಿ. ನನ್ನ ಆ ಕಾಯಿಯಲ್ಲಿ ಮೇಲಿನ ಅರ್ಧದ್ದು ಹತ್ತಕ್ಕೆ ಒಂಬತ್ತು, ಕೊಳೆತ ಕಡೆಯದ್ದು ಹತ್ತಕ್ಕೆ ನಾಲ್ಕು. ಬೆರೆಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಹಂತ 8: ಇಡುವುದು

ಆಯಿಯ ಕಾಲದಲ್ಲಿ ಹೆಂಡಿಯಲ್ಲಿ (ಸಗಣಿಯಲ್ಲಿ) ಬೀಜ ಒತ್ತಿ ಗೋಡೆಗೆ ತಟ್ಟುತ್ತಿದ್ದರು. ಕುಳ್ಳಿನ ಹಾಗೆ ಒಣಗಿ ನಿಲ್ಲುತ್ತಿತ್ತು, ಮಳೆ ಬಂದಾಗ ಕಿತ್ತು ಊರುತ್ತಿದ್ದರು. ಹುಳ ಬರುತ್ತಿರಲಿಲ್ಲ. ಈಗ ಪೇಂಟು ಹಚ್ಚಿದ ಗೋಡೆಗೆ ಯಾರು ಬಿಡುತ್ತಾರೆ!

ನಾನು ಗಾಜಿನ ಬಾಟಲಿಯಲ್ಲಿ ಇಡುತ್ತೇನೆ. ಕುಳ್ಳಿನ ಬೂದಿಯನ್ನು ಜರಡಿ ಹಿಡಿದು, ತಣ್ಣಗಾದ ಮೇಲೆ, ತಳಕ್ಕೆ ಒಂದು ಬೆರಳು ಹಾಕಿ ಮೇಲೆ ಬೀಜ. ಬೂದಿ ಉಳಿದ ತೇವ ಎಳೆದುಕೊಳ್ಳುತ್ತದೆ, ಹುಳಕ್ಕೂ ಆಗದು. ಬೂದಿ ಇಲ್ಲದವರು ಬಾಣಲೆಯಲ್ಲಿ ಹುರಿದು ಪೂರ್ತಿ ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಬಹುದು. ಬಿಗಿಯಾಗಿ ಮುಚ್ಚಿ. ಬೀಜದಲ್ಲಿ ತೇವ 1% ಇಳಿದರೆ ಆಯುಷ್ಯ ಸುಮಾರು ಎರಡರಷ್ಟಾಗುತ್ತದೆ, ಬಿಸಿ 5 ಡಿಗ್ರಿ ಇಳಿದರೂ ಹಾಗೆಯೇ. ಆದ್ದರಿಂದ ಪೂರ್ತಿ ಒಣಗಿದ ಮೇಲೆ ಫ್ರಿಜ್ಜಿನ ಕೆಳಗಿನ ಖಾನೆ ಒಳ್ಳೆಯ ಜಾಗ. ಹೊರಗೆ ತೆಗೆದಾಗ ಬಾಟಲಿ ತಕ್ಷಣ ತೆರೆಯಬೇಡಿ, ನೀರು ಕೂರುತ್ತದೆ. ಚೆನ್ನಾಗಿಟ್ಟರೆ ನಾಲ್ಕು ವರ್ಷ ಚಿಂತೆ ಇಲ್ಲ.

ಚೀಟಿ ಅಂಟಿಸುವುದು ಮರೆಯಬೇಡಿ. ನನ್ನ ಚೀಟಿಯಲ್ಲಿ ಇಷ್ಟು ಇರುತ್ತದೆ: ಯಾವ ಊರಿನ ಕಾಯಿ, ಯಾವಾಗ ಕಿತ್ತದ್ದು, ಎಷ್ಟು ತಿಂಗಳು ತಾಳಿತು, ಎಲ್ಲಿಂದ ಕೊಳೆಯಿತು, ಹತ್ತಕ್ಕೆ ಎಷ್ಟು ಮೊಳೆಯಿತು. ಮೂರನೆಯದ್ದೇ ಮುಖ್ಯ.

ಹಂತ 9: ಮಿರಗಕ್ಕೆ ಊರುವುದು

ಮಿರಗದ (ಮೃಗಶಿರಾ) ಮಳೆ ಬಿದ್ದು ಮಣ್ಣು ಹದವಾದ ಮೇಲೆ, ಜೂನ್ ಎರಡನೇ ವಾರದ ಸುಮಾರಿಗೆ, ಗುಂಡಿ ತಯಾರು ಮಾಡಿ. ಒಂದೂವರೆ ಅಡಿ ಗುಂಡಿ, ಬುಟ್ಟಿ ತಿಪ್ಪೆಗೊಬ್ಬರ. ನಮ್ಮ ಎರೆಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಆದ್ದರಿಂದ ಗುಂಡಿ ತುಂಬಿ ಮೇಲೆ ಸ್ವಲ್ಪ ದಿಬ್ಬ ಮಾಡಿ ಅದರ ಮೇಲೆ ಊರಿ. ಗುಂಡಿಗೆ ಮೂರು ಬೀಜ, ಒಂದು ಇಂಚು ಆಳ. ಗುಂಡಿಯಿಂದ ಗುಂಡಿಗೆ ಆರೇಳು ಅಡಿ.

ಕೊಳೆತ ಕಾಯಿಯ ಬೀಜವಾದ್ದರಿಂದ ಊರುವ ಮುಂಚೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಹಚ್ಚಿ. ಕಿಲೋ ಬೀಜಕ್ಕೆ 4 ಗ್ರಾಂ ಅನ್ನುವುದು ಲೆಕ್ಕ. ಐವತ್ತು ಬೀಜಕ್ಕೆ ಒಂದು ಚಿಟಿಕೆ, ಎರಡು ಹನಿ ಬೆಲ್ಲದ ನೀರಲ್ಲಿ ಹೊರಳಿಸಿ ನೆರಳಲ್ಲಿ ಆರಿಸಿ.

ಮುಂದಿನ ಬೀಜಕ್ಕೂ ಈಗಲೇ ಯೋಚಿಸಬೇಕು. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಕೆಳಗೆ ನಿಂಬೆಯಷ್ಟು ಪುಟ್ಟ ಕಾಯಿ ಇರುತ್ತದೆ. ಜೇನು ಪಕ್ಕದ ಹೊಲದ ಬೇರೆ ತಳಿಯ ಪರಾಗ ತಂದು ಹಾಕಿದರೆ ಬೀಜ ಬೆರಕೆ. ಬೀಜೋತ್ಪಾದನೆಯಲ್ಲಿ ತಳಿಗಳ ನಡುವೆ 500 ಮೀಟರ್‌ನಿಂದ ಒಂದು ಕಿಲೋಮೀಟರ್ ಅಂತರ ಇಡಿಸುತ್ತಾರೆ. ಮನೆ ಹಿತ್ತಲಲ್ಲಿ ಅದು ಆಗದ ಮಾತು. ನಾಳೆ ಅರಳಲಿರುವ, ತುದಿ ಹಳದಿಯಾದ ಒಂದು ಹೆಣ್ಣು ಮೊಗ್ಗು, ಎರಡು ಗಂಡು ಮೊಗ್ಗಿನ ಬಾಯಿಗೆ ಸಂಜೆಯೇ ದಾರ ಕಟ್ಟಿ. ಬೆಳಿಗ್ಗೆ ಬೆಳಕು ಹರಿಯುತ್ತಲೇ ಗಂಡು ಹೂ ಕಿತ್ತು, ಎಸಳು ಹರಿದು, ನಡುವಿನ ಪರಾಗವನ್ನು ಹೆಣ್ಣು ಹೂವಿನ ನಡುವೆ ಸವರಿ. ಮತ್ತೆ ಬಾಯಿ ಕಟ್ಟಿ. ತೊಟ್ಟಿಗೆ ಕೆಂಪು ದಾರದ ಗುರುತು ಹಾಕಿ.

ಆ ದಾರ ಇದ್ದ ಕಾಯಿಯನ್ನು ಗಾರಿಗೆ ಮಾಡಬೇಡಿ ಅಂತ ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ.